ತೆಕ್ಕಲಕೋಟೆ ರಸ್ತೆಯಲ್ಲಿ ಬಿಚ್ಚಿದ ತಂತಿ

"ಮೇಡಂ, ಇನ್ನೂ ಎಲ್ಲದೀರಿ?" ಫೋನಿನಲ್ಲಿ ಸಂಕರ್ಷಣನ ದನಿ ಅಳು ಬಂದವನಂತಿತ್ತು.

"ತೆಕ್ಕಲಕೋಟೆ ಹತ್ರ. ಬಸ್ಸು ಪಂಕ್ಚರ್ ಆಗೇತಿ," ಎಂದಳು ಸುಮಂಗಲಾ.

ಸಿರುಗುಪ್ಪದಲ್ಲಿ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕಿ, ಅವ್ವ ಹೊನ್ನೂರಮ್ಮನನ್ನು ಕುರುಗೋಡಿನಲ್ಲಿ ಇಳಿಸಿ, ತಾನು ಹೊತ್ತಿಗೆ ಸರಿಯಾಗಿ ಬಳ್ಳಾರಿಯ ಕಾಲೇಜು ಸೇರುವುದೆಂದು ಲೆಕ್ಕ ಹಾಕಿದ್ದಳು. ಈಗ ನೋಡಿದರೆ ಬಸ್ಸು ಗದ್ದೆಯ ಪಕ್ಕ ಒಂದು ಕಡೆ ವಾಲಿಕೊಂಡು ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವರ ಉಪಗ್ರಹ ತಲೆಯ ಮೇಲೆ ಹಾದುಹೋಗುವುದಿತ್ತು.

ಅವಳೂ ಸಹೋದ್ಯೋಗಿ ಸಂಕರ್ಷಣನೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಾಡಿದ, ಬೆಲ್ಲದಚ್ಚಿನಷ್ಟು ದೊಡ್ಡ ಉಪಗ್ರಹ ಅದು. ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿಯ ಉಂಡೆ. ಭೂಮಿಯ ಮೇಲೆ ಮಿಂಚು ಹೊಡೆದಾಗ ಏಳುವ ಉದ್ದುದ್ದ ರೇಡಿಯೋ ಅಲೆಗಳನ್ನು ಹಿಡಿಯಲು ಗೇಣುದ್ದದ ಆ್ಯಂಟೆನಾ ಕಡ್ಡಿ ಸಾಲದು. ಆ ತಂತಿ ಬಿಚ್ಚಿ ಆಕಾಶದಲ್ಲಿ ನೀಳವಾಗಿ ಚಾಚಿಕೊಳ್ಳಬೇಕು. ಉಂಡೆಯನ್ನು ಬಿಗಿದ ದಾರವನ್ನು ಸುಡುವ ಆಜ್ಞೆ ಇಂದು ಕಾಲೇಜಿನಿಂದ ಅದಕ್ಕೆ ಹೋಗಬೇಕಾಗಿತ್ತು.

"ಬ್ಯಾಡ ಬಿಡ್ರಿ ಮೇಡಂ," ಎಂದ ಸಂಕರ್ಷಣ. "ಈಗ ರೇಡಿಯೋದಾಗ ಚೊಲೋ ಕೂಗಾಕತ್ತೇತಿ. ತಂತಿ ಅದಕ್ಕ ಸುತ್ತಿಕೊಂಡ್ರ ದನಿನೂ ಹೋಗ್ತದ. ನೀವು ಬಂದಮ್ಯಾಲ ನೋಡೋಣ."

"ಅದರ ಬ್ಯಾಟರಿ ದಿನಾ ಸೊರಗಾಕತ್ತೇತಿ ಸಂಕರ್ಷಣ. ಫೋನ್ ಇಡಬ್ಯಾಡ್ರಿ."

ಅವಳು ಚೀಲದಿಂದ ಆ್ಯಂಟೆನಾ ತೆಗೆದಳು. ಅಳತೆ ಟೇಪಿನ ಉಕ್ಕಿನ ಪಟ್ಟಿಗಳನ್ನು ಪ್ಲಾಸ್ಟಿಕ್ ಪೈಪಿಗೆ ಸಿಕ್ಕಿಸಿ ತಾನೇ ಮಾಡಿಕೊಂಡಿದ್ದು. ಅದನ್ನು ಕೈ ರೇಡಿಯೋಗೆ ಜೋಡಿಸಿ ಆಕಾಶಕ್ಕೆ ಹಿಡಿದದ್ದೇ ತಡ, ಬೇವಿನ ನೆರಳಲ್ಲಿ ಕೂತಿದ್ದ ಪ್ರಯಾಣಿಕರೆಲ್ಲ ಎದ್ದು ಬಂದರು.

"ಏನ್ರಿ ಮೇಡಂ, ಕ್ರಿಕೆಟ್ ಬರ್ತೈತೇನು?" ಎಂದ ಕಂಡಕ್ಟರ್ ಉಜ್ಜಿನಪ್ಪ.

"ನನ್ನ ಮಗಳ ಉಪಗ್ರಹ ಐತ್ರಿ ಮ್ಯಾಲ," ಎಂದಳು ಹೊನ್ನೂರಮ್ಮ, ಮೇಲೆ ತನ್ನ ಹೊಲ ಇದೆಯೆಂಬಷ್ಟು ಸಲೀಸಾಗಿ.

ಕುಂಯ್ ಕುಂಯ್ ಎಂಬ ದನಿ ಕೇಳಿತು. ಉಪಗ್ರಹ ಬುಗುರಿಯಂತೆ ತಿರುಗುತ್ತಿದ್ದುದರಿಂದ ದನಿ ಬೇಗಬೇಗ ಏರಿ, ಬೇಗಬೇಗ ಇಳಿಯುತ್ತಿತ್ತು. ಸುಮಂಗಲಾ ಆ್ಯಂಟೆನಾವನ್ನು ದನಿಯ ದಿಕ್ಕಿಗೇ ಹಿಡಿದಳು. ದನಿ ನಿಂತುಹೋದರೆ ಪ್ರಾಂಶುಪಾಲರಿಗೆ, ಕಷ್ಟಪಟ್ಟ ಹುಡುಗರಿಗೆ ಏನು ಹೇಳುವುದು? ಆದರೆ ಬರೀ ಕುಂಯ್‌ಗುಟ್ಟುವುದಕ್ಕೆಂದು ಅದನ್ನು ಮೇಲೆ ಕಳಿಸಿರಲಿಲ್ಲ.

"ಕಳಸ್ರಿ," ಎಂದಳು. "ಏನಾದ್ರೂ ಆದ್ರ ನಾನದೀನಿ."

ಆ ಕಡೆ ಸಂಕರ್ಷಣ ಕೀಲಿ ಒತ್ತಿದ್ದು ಕೇಳಿಸಿತು. "ಕಳಿಸ್ದೆ ಮೇಡಂ."

ಮರುಗಳಿಗೆ ದನಿ ಕಾಣೆಯಾಯಿತು. ರೇಡಿಯೋದಲ್ಲಿ ಬರೀ ಗರಗರ. ಸುಮಂಗಲಾ ಆ್ಯಂಟೆನಾವನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಅದೇ ವೇಳೆಗೆ ಟೈರು ಬದಲಾಯಿಸಿ ಮುಗಿಸಿದ ಡ್ರೈವರ್ ಹಾರನ್ ಹೊಡೆದ.

"ಏ, ತಡಿಯಪ್ಪಾ!" ಉಜ್ಜಿನಪ್ಪ ಗದರಿದ. "ಇಲ್ಲಿ ಜೀವ ಹೋಗಾಕತ್ತೇತಿ, ನಿಂದೇನು ಪೋಂ ಪೋಂ!"

ಯಾರೂ ಬಸ್ಸು ಹತ್ತಲಿಲ್ಲ. ಹೊನ್ನೂರಮ್ಮ ಆ್ಯಂಟೆನಾ ಹಿಡಿದ ಮಗಳ ಮೊಣಕೈಗೆ ತನ್ನ ಕೈ ಆನಿಸಿ ನಿಂತಳು.

ಗರಗರದೊಳಗಿಂದ ಮೊದಲು ನೂಲಿನಂತೆ, ಆಮೇಲೆ ತುಂಬಿಕೊಂಡು ಬಂತು ದನಿ. ಈಗ ಅದಕ್ಕೆ ಅವಸರವಿರಲಿಲ್ಲ. ಗಿರಗಿರ ತಿರುಗುತ್ತಿದ್ದವರು ಎರಡೂ ಕೈ ಚಾಚಿ ನಿಧಾನವಾದಂತೆ, ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು.

"ಬಿಚ್ಚೈತಿ! ಸಂಕರ್ಷಣ, ತಂತಿ ಬಿಚ್ಚೈತಿ!" ಸುಮಂಗಲಾ ನಿಂತಲ್ಲೇ ಕುಣಿದಳು. ಫೋನಿನಲ್ಲಿ ಹುಡುಗರ ಕೇಕೆ. ಏನು ಬಿಚ್ಚಿತೆಂದು ತಿಳಿಯದ ಪ್ರಯಾಣಿಕರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಉಪಗ್ರಹ ತಂತಿಗೆ ಕೇಳಿಸಿದ್ದನ್ನು ಕೆಳಗೆ ದಾಟಿಸತೊಡಗಿತು. ಚಟಚಟ ಸದ್ದಿನ ನಡುವೆ ಸುಂಯ್ಯೆಂದು ಒಂದು ಸಿಳ್ಳು, ಮೇಲಿಂದ ಕೆಳಕ್ಕೆ ಜಾರುತ್ತ ಹೋಯಿತು.

"ಯಾರವ್ವ ಸಿಳ್ಳು ಹೊಡಿಯೋರು?" ಎಂದಳು ಹೊನ್ನೂರಮ್ಮ.

"ಮಿಂಚು ಬೇ. ಎಲ್ಲೋ ದೂರದಾಗ ಹೊಡದದ್ದು."

ಹೊನ್ನೂರಮ್ಮ ಸೆರಗು ಸರಿಸಿ ರೇಡಿಯೋಗೆ ಕಿವಿಯೊಡ್ಡಿ ಕಣ್ಣು ಮುಚ್ಚಿದಳು. ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರೊಂದು ಗಡಗಡಿಸುತ್ತ ಎದುರಿಗೆ ಬಂತು. ಕಣ್ಣು ತೆರೆಯದೆಯೇ ಅವಳು ಅದರತ್ತ ಅಂಗೈ ಎತ್ತಿ ಹಿಡಿದಳು. ಟ್ರ್ಯಾಕ್ಟರಿನವನು ಏನು ಎತ್ತವೆಂದು ಕೇಳದೆ ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿದ.