ಧೋಂಡಿಬಾನ ನುಡಿ

"ಎಷ್ಟ್ ಪೀಢಿ ಕಳದ್ರೂ ಇವರ ರಕ್ತದಾಗಿನ ದ್ರೋಹದ ನಾತ ಹೋಗೂದಿಲ್ಲಲ್ಲ, ಯಾಕ?"

ಖಂಡೇರಾಜುರಿಯ ವಾಡೆಯ ಧಣಿ ಗಜಾನನರಾವ ಈ ಮಾತನ್ನು ಯಾರಿಗೂ ಕೇಳಲಿಲ್ಲ. ಜೋಕಾಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಗಾಳಿಗೆ ಕೇಳಿದ. ಅಂಗಳದಲ್ಲಿ ನನ್ನ ಗಂಡ ಜ್ಯೋತೆಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನ ಹಿಂದೆ ನಾನು ತಂಗೆವ್ವ, ನನ್ನ ಸೆರಗು ಹಿಡಿದು ಮೊಮ್ಮಗಳು ಭಾಗ್ಯಾ.

ನಮ್ಮ ಹಿಂದೆಯೇ ತಾಯಿ ಕುರಿಗಳೆಲ್ಲ ಅಂಗಳಕ್ಕೆ ನುಗ್ಗಿ ಒದರುತ್ತಿದ್ದವು. ನಾವು ಕುರಿ ಮೇಯಿಸಲು ಹೋಗುವಾಗ ಎಳೆಮರಿಗಳನ್ನು ಹೊಲದಲ್ಲೇ ಬಲೆಯೊಳಗೆ ಕೂಡಿ ಹೋಗುತ್ತೇವೆ. ಸಂಜೆ ತಿರುಗಿ ಬಂದಾಗ ಬಲೆ ಬರಿದಾಗಿತ್ತು. ಧಣಿಯ ಆಳು ಸಂಜು ಮರಿಗಳನ್ನೆಲ್ಲ ಹೊತ್ತು ತಂದು ಗಾಡಿ ಮನೆಯಲ್ಲಿ ಹಾಕಿ ಬಾಗಿಲು ಜಡಿದಿದ್ದ. ಒಳಗಿನಿಂದ ಮರಿಗಳ ಕೂಗು, ಹೊರಗೆ ತಾಯಂದಿರ ಕೂಗು. ಬಿಗಿದ ಕೆಚ್ಚಲುಗಳಿಂದ ಹಾಲು ತಾನಾಗಿ ಸೋರಿ ಕಲ್ಲುಹಾಸಿನ ಮೇಲೆ ಬೀಳುತ್ತಿತ್ತು.

"ಫರ್ಶಿ ಹೊಲಸ ಮಾಡಾಕತ್ಯಾವ ನೋಡ. ಸಂಜ್ಯಾ, ಬಡಿ ಅವನ್ನ," ಅಂದ ಧಣಿ.

ಸಂಜು ಬಡಿದ. ಕುರಿಗಳು ಕದಲಲಿಲ್ಲ.

ದಸರೆಯ ದಿನ ವಾಡೆಯ ಬಾಗಿಲಲ್ಲಿ ಅವರ ಮನೆತನದ ಹಳೆಯ ಬಖರು, ಅಂದರೆ ವಂಶದ ಚರಿತ್ರೆ, ಓದುತ್ತಾರೆ. ಕುರುಬರ ಧೋಂಡಿಬಾ ರಾತ್ರೋರಾತ್ರಿ ಗಢಿಯ ಕೋಟೆಬಾಗಿಲು ತೆಗೆದು ವೈರಿಯ ದಂಡನ್ನು ಒಳಗೆ ಬಿಟ್ಟ ಎಂದು ಅದರಲ್ಲಿ ಬರೆದಿದೆ. ಆ ಮಾತು ಬಂದ ಕೂಡಲೇ ಧೋಂಡಿಬಾನ ವಂಶದ ಗಂಡಸು ಮೊಣಕಾಲೂರಿ, ಧಣಿಯ ಕಾಲ ಜೋಡನ್ನು ಬಾಯಲ್ಲಿ ಕಚ್ಚಿ ಹಿಡಿಯಬೇಕು. ಅಧ್ಯಾಯ ಮುಗಿಯುವ ತನಕ ಬಿಡುವಂತಿಲ್ಲ. ನಮ್ಮ ಮಾವ ಕಚ್ಚಿದ. ಮಾವ ತೀರಿದ ಮೇಲೆ ನನ್ನ ಗಂಡ ಕಚ್ಚಿದ.

ಈ ವರ್ಷ ಬಖರು ಅಚ್ಚಾಯಿತು. ಸಾಲೆಯ ಮಕ್ಕಳಿಗೂ ಹಂಚಿದರು. ಮಗ ಸೊಸೆ ಕುಪವಾಡದ ಕಾರಖಾನೆಗೆ ಹೋಗುವವರಾದ್ದರಿಂದ ಭಾಗ್ಯಾ ನಮ್ಮ ಹತ್ತಿರವೇ ಇರುತ್ತಾಳೆ. ಒಂದು ದಿನ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಊಟದ ಡಬ್ಬಿ ತೆಗೆದು ತೋರಿಸಿದಳು. ರೊಟ್ಟಿಯ ಮೇಲೆ ಯಾರೋ ಹರಕು ಚಪ್ಪಲಿ ಇಟ್ಟಿದ್ದರು.

"ಗದ್ದಾರನ ಮೊಮ್ಮಗಳ, ನೀನೂ ಕಚ್ಚ ಅಂದ್ರು ಮುತ್ಯಾ," ಅಂದಳು.

ನನ್ನ ಗಂಡ ನಮ್ಮ ದೇವರು ಬೀರಪ್ಪನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು, ಈ ದಸರೆಗೆ ಹೋಗುವುದಿಲ್ಲ ಎಂದು ಆಣೆ ಮಾಡಿದ. ದಸರೆಯ ಈ ಮುಂಜಾನೆ ಓದು ನಡೆದಾಗ ಹೋಗಲೂ ಇಲ್ಲ. ಅದಕ್ಕೇ ಮರಿಗಳನ್ನು ಹೊತ್ತುಕೊಂಡು ಹೋದರು.

ಜೋಕಾಲಿಯ ಪಕ್ಕದ ಕುರ್ಚಿಯಲ್ಲಿ ಮಂದಾರ ಸರ್ ಕೂತಿದ್ದರು. ವಿಶ್ರಾಮಬಾಗದ ಕಾಲೇಜಿನವರು, ಬಖರು ಅಚ್ಚು ಹಾಕಿಸಿದವರು. ಮುಂದೆ ಮೂರು ಕಾಲಿನ ಮೇಲೆ ಕ್ಯಾಮೆರಾ. ಅವರು ಬೈಯಲಿಲ್ಲ. ಮೆತ್ತಗೆ ಹೇಳಿದರು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಹಿಂಥಾ ಪರಂಪರಾ ಎಲ್ಲೂ ಉಳದಿಲ್ಲ. ಇಡೀ ದೇಶ ನೋಡ್ತದ."

"ಸರ್, ಧೋಂಡಿಬಾ ಬಾಗಲಾ ತಗದಿಲ್ರಿ," ಅಂದ ನನ್ನ ಗಂಡ. "ಆ ರಾತ್ರಿ ಅಂವ ಹೊಳಿ ಆಚೆ ಕುರಿ ಸಂಗಾಟ ಮಲಗಿದ್ದ. ತಗದಾವ್ರು ಒಳಗಿನವ್ರ. ಅಂವ ಬಾಯಿ ಬಿಟ್ಟಾನಂತ ನಾಲಿಗಿ ಕೊಯ್ದ್ರು. ನಮ್ಮ ಡೊಳ್ಳಿನ ಪದದಾಗ ಐತ್ರಿ."

"ನಿಮ್ಮ ಪದ ಕೇಳೇನಿ, ಕಾಕಾ. ರೆಕಾರ್ಡ್ ಸುದ್ದಾ ಮಾಡೇನಿ."

ಸರ್ ಕೇಳಿದ್ದು ಹೌದು. ಬೀರಪ್ಪನ ಗುಡಿಯ ಮುಂದೆ ಅಮಾಸಿಗೊಮ್ಮೆ ಆ ಪದ ಹಾಡುತ್ತಾರೆ. ನಾಲಿಗೆ ಕೊಯ್ದ ಮೇಲಿನ ನುಡಿ ಧೋಂಡಿಬಾ ತಾನೇ ಹೇಳುವ ನುಡಿ. ಅಲ್ಲಿಗೆ ಬಂದಾಗ ಡೊಳ್ಳು ನಿಲ್ಲುತ್ತದೆ, ತಾಳ ನಿಲ್ಲುತ್ತದೆ. ಒಂದು ನುಡಿ ಹಾಡುವಷ್ಟು ಹೊತ್ತು ಯಾರೂ ಉಸಿರೆತ್ತುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕೈಮುಗಿದು ಅದನ್ನು ಕೇಳಿದ್ದೆ. ಈಗಲೂ ಹಾಗೆಯೇ ಕೇಳುತ್ತೇನೆ. ಅವನು ಹೇಳಿದ್ದೆಲ್ಲ ನನಗೆ ತಿಳಿಯುತ್ತದೆ.

"ಆದ್ರ ಆ ಜಾಗಾದಾಗ ಶಬ್ದಾನ ಇಲ್ಲಲ್ಲ, ಕಾಕಾ," ಅಂದರು ಸರ್. "ಏನಂತ ಛಾಪಸಲಿ? ಖಾಲಿ ಹಾಳಿ?"

ಧಣಿ ನಕ್ಕು ಎಲೆಯ ಉಗುಳನ್ನು ನಮ್ಮ ಕಡೆಗೇ ಉಗುಳಿದ. "ಬರಿಯಾಕ ಬರಲಾರದ ಸೂಳೆಮಕ್ಕಳು ಇತಿಹಾಸ ಹೇಳಾಕ ಬಂದಾವ. ಜೋಡ ಕಚ್ಚತೀಯೋ, ಮರಿ ಸುಲದ ತೊಗಲ ಕೊಡಲ್ಯೋ?"

ಗಾಡಿ ಮನೆಯೊಳಗೆ ಕೂಗು ಸಣ್ಣದಾಗುತ್ತಿತ್ತು. ಸಂಜು ಬಾಗಿಲು ಒಂದಿಷ್ಟೇ ತೆರೆದು, ಒಂದು ಮರಿಯ ಹಿಂಗಾಲು ಹಿಡಿದೆತ್ತಿ ಅಂಗಳಕ್ಕೆ ಎಸೆದ. ಅದು ಸತ್ತಿತ್ತು. ಅದರ ತಾಯಿ ಬಂದು ಮೂಸಿ, ನೆಕ್ಕಿ, ಮರಿ ಹಾಲು ಕುಡಿಯಲಿ ಎಂದು ಅದರ ಮೇಲೆ ಕಾಲಗಲಿಸಿ ನಿಂತಿತು.

ನನ್ನ ಗಂಡ ನನ್ನ ಮುಖ ನೋಡಲಿಲ್ಲ. ಹಣೆಯ ಭಂಡಾರ ಒರೆಸಿಕೊಂಡು ಮೊಣಕಾಲೂರಿದ. ಧಣಿ ಕಾಲು ಚಾಚಿದ. ಸರ್ ಬಖರು ತೆಗೆದು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ನಡುವೆ ಗಾಳಿಗೆ ಹಾಳೆ ಮಗುಚಿತು.

"ಥಾಂಬಾ, ನಿಂದರ್ರಿ, ಮೊದಲಿಂದ ಓದ್ತೇನಿ," ಅಂದರು.

ಮೊದಲಿಂದ ಓದಿದರು. ನನ್ನ ಗಂಡನ ಗದ್ದದಿಂದ ಜೊಲ್ಲು ಇಳಿದು ಅಂಗಿ ತೊಯ್ಯಿತು. ಭಾಗ್ಯಾ ನನ್ನ ಸೊಂಟದಲ್ಲಿ ಮುಖ ಹುದುಗಿಸಿದಳು. ಅವಳ ಕಿವಿ ಮುಚ್ಚಲು ನನ್ನ ಎರಡೂ ಕೈ ಸಾಲಲಿಲ್ಲ.

ಅಧ್ಯಾಯ ಮುಗಿಯಿತು. ಧಣಿ ಕಣ್ಸನ್ನೆ ಮಾಡಿದ. ಸಂಜು ಕೆಲವು ಮರಿಗಳನ್ನು ಹೊರಗೆ ಬಿಟ್ಟು ಮತ್ತೆ ಚಿಲಕ ಹಾಕಿದ.

"ಛಾನ್, ಚಲೋ ಬಂತು," ಅಂದರು ಸರ್. "ಇನ್ನೊಂದ ಶಾಟ್. ಮೊಮ್ಮಗಳೂ ಕಾಕಾನ ಬಾಜೂಕ ಕುಂದ್ರಲಿ. ಮುಂದಿನ ಪೀಢಿ ಕಾಣಬೇಕ್ ನೋಡ್ರಿ."

"ಇನ್ನೊಂದ ಕಾಲಾಗೂ ಜೋಡ ಐತಿ," ಅಂದ ಧಣಿ. "ಏ ಮುದಕಿ, ಕಳಸ ಆ ಹುಡಗಿನ್ನ."

ನಾನು ಭಾಗ್ಯಾಳನ್ನು ಹಿಂದಕ್ಕೆ ಸರಿಸಿದೆ.

ನನ್ನ ಗಂಡ ಬಾಯಿ ಒರೆಸಿಕೊಂಡ. ನೆಲದ ಮೇಲಿಂದಲೇ ಕೈಯೊಡ್ಡಿದ. "ಕಳಸ, ತಂಗೆವ್ವಾ. ಒಂದ್ ಗಳಿಗಿ ಅಷ್ಟ. ಇನ್ನ ಅರ್ಧಾ ಒಳಗದಾವ. ಹಾಲಿಲ್ದ ಸಾಯ್ತಾವ."

"ಸಾಯ್ಲಿ," ಅಂದೆ. "ಕಳಸೂದಿಲ್ಲ."