ಸಂಜೆಯ ಮೂರು ಹಲ್ಲುಗಳು

ನನಗೆ ಕೋಪ ಮೂಗಿನ ತುದಿಯಲ್ಲಿ. ಅದಕ್ಕೇ ನಲವತ್ತಾರಾದರೂ ಒಂಟಿ ಎಂದು ನಂಜನಗೂಡಿನ ಅಕ್ಕ ಹೇಳುತ್ತಾಳೆ. ಇರಬಹುದು. ೨೦೦೩ರಲ್ಲಿ ನಾನು ಮದರಾಸಿನ ಎಣ್ಣೂರು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದೆ. ತ್ರಿಪ್ಲಿಕೇನಿನಲ್ಲಿ ಗೋದಾಬಾಯಿಯವರ ಮನೆಯ ಮಹಡಿ ಕೋಣೆಯಲ್ಲಿ ವಾಸ. ಊರಿಗೆಲ್ಲ ಬೆಳಕು ಕಳಿಸಿ, ಸಂಜೆ ಏಳೂವರೆಗೆ ಕತ್ತಲೆ ಕೋಣೆಗೆ ಬರುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿದ್ದಿರಬೇಕು.

ಕೋಣೆಯಲ್ಲಿ ನನ್ನ ದಾರಿ ನೋಡುತ್ತಿದ್ದದ್ದು ಗಾಜಿನ ತೊಟ್ಟಿಯಲ್ಲಿದ್ದ ಒಂದೇ ಒಂದು ಮೀನು. ಕೊಳತ್ತೂರಿನ ಅಂಗಡಿಯವನು ಅದನ್ನು ಬ್ಲ್ಯಾಕ್ ಘೋಸ್ಟ್ ಎಂದು ಮಾರಿದ್ದ. ಕರಿ ದೆವ್ವ. ಗೇಣುದ್ದದ ಕಪ್ಪು ಮೈ, ಹೊಟ್ಟೆಯುದ್ದಕ್ಕೂ ಸೀರೆಯ ಅಂಚಿನಂತೆ ಅಲೆಯುವ ಒಂದೇ ರೆಕ್ಕೆ. ಬೆಳಕು ಕಂಡರಾಗದು. ಲೈಟು ಆರಿದ ಮೇಲೆ ಹೊರಗೆ ಬಂದು ನನ್ನ ಬೆರಳಿನಿಂದಲೇ ಹುಳು ತಿನ್ನುತ್ತಿತ್ತು. ದಿನದಲ್ಲಿ ಯಾರಾದರೂ ನನ್ನನ್ನು ಮುಟ್ಟುತ್ತಿದ್ದರೆ ಅದೊಂದೇ ಸಲ.

ಅದು ಅಡಗಲು ಗಿಡ ಬೇಕು. ಗಿಡಕ್ಕೆ ದಿನಕ್ಕೆ ಎಂಟು ಗಂಟೆ ಬೆಳಕು ಬೇಕು. ಬೆಳಕಿದ್ದರೆ ಮೀನು ಹೊರಗೆ ಬಾರದು. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದು ಟೈಮರು. ಅದರ ಸುತ್ತ ಗಂಟೆಗೊಂದರಂತೆ ಇಪ್ಪತ್ನಾಲ್ಕು ಪುಟ್ಟ ಹಲ್ಲುಗಳು. ಯಾವ ಹಲ್ಲು ಒತ್ತುತ್ತೇವೋ ಆ ಗಂಟೆ ತೊಟ್ಟಿಯ ಮೇಲಿನ ಟ್ಯೂಬ್‌ಲೈಟ್ ಉರಿಯುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಒತ್ತಿದ್ದೆ. ನಾನು ಬರುವಷ್ಟರಲ್ಲಿ ಕತ್ತಲೆ, ಮೀನು ಸಿದ್ಧ.

ಆ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ. ಲಾರಿ ಬಂದಾಗ ನನ್ನ ಕೊಡ ತುಂಬಿಸಿಡಲೆಂದು ಒಂದು ಕೀಲಿ ಗೋದಾಬಾಯಿಯವರ ಕೈಗೆ ಕೊಟ್ಟೆ. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ, ಅವರ ಕನ್ನಡದಲ್ಲಿ ತಮಿಳು ಬೆರೆತಿತ್ತು. ಬೀದಿಗೆಲ್ಲ ಅವರು ಮಾಮಿ, ನನಗೂ. ಅವರ ಶಿಸ್ತು ಒಂದೇ: ಮುಸ್ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ತಮ್ಮ ಸೂರಿನಡಿ ಯಾವ ಕೋಣೆಯೂ ಕತ್ತಲಾಗಿರಬಾರದು. ನನ್ನ ಬಲ್ಬು ಕೆಟ್ಟು ತಿಂಗಳಾಗಿತ್ತು. ಮಾಮಿ ಮೆಟ್ಟಿಲು ಹತ್ತಿ ಬಂದು, ಟೈಮರಿನ ಪಕ್ಕದ ಗುಂಡಿ ಒತ್ತಿ ಮೀನಿನ ಲೈಟನ್ನೇ ಹಾಕಿ ಹೋಗತೊಡಗಿದರು.

ಹದಿನೈದು ದಿನದಲ್ಲಿ ಎಲೆಗಳ ಮೇಲೆ ಪಾಚಿ ಕಟ್ಟಿತು. ಮೀನು ಕಲ್ಲಿನ ಸಂದಿನಿಂದ ಹೊರಗೆ ಬರುವುದನ್ನೇ ಬಿಟ್ಟಿತು. ಹುಳು ತಳದಲ್ಲಿ ಹಾಗೇ ಕೊಳೆಯುತ್ತಿತ್ತು. ಎರಡು ಸಲ ಮೆತ್ತಗೆ ಹೇಳಿದೆ. ಮೂರನೆಯ ಸಲ ನನ್ನ ಬುದ್ಧಿ ತೋರಿಸಿದೆ.

"ಎಷ್ಟು ಸಲ ಹೇಳ್ಬೇಕು ಮಾಮಿ? ಆ ಲೈಟಿಂದ ಮೀನು ಸಾಯ್ತಾ ಇದೆ."

"ವಿಳಕ್ಕು ಹಚ್ಚೋ ಹೊತ್ತಲ್ಲಿ ಮನೆ ಇರುಟ್ಟಾಗಿ ಇರಬಾರ್ದಪ್ಪ, ಗಂಗಾಧರ."

"ಕೆಳಗಡೆ ನಿಮ್ಮಿಷ್ಟ. ಮೇಲಿನದು ನನ್ನ ಕೋಣೆ. ಕೀಲಿ ಕೊಡಿ."

ಅವರು ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು.

ನಾಲ್ಕನೆಯ ದಿನ ಮೀನು ಹೊರಗೆ ಬಂತು, ಬೆರಳು ತಡವಿ ಹುಳು ತಿಂದಿತು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಸ್ಸಿಳಿದು ಬೀದಿ ತಿರುಗಿದರೆ ಎಲ್ಲರ ಕಿಟಕಿಯಲ್ಲೂ ಬೆಳಕು, ನನ್ನದೊಂದು ಕಪ್ಪು. ಹಿಂದಿನ ಹದಿನೈದು ದಿನ ಅಲ್ಲಿ ಹಸಿರು ಬೆಳಕು ಕಾಣುತ್ತಿತ್ತು, ನಾನು ಬೈದುಕೊಳ್ಳುತ್ತ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದೆ. ಸಿಟ್ಟಾಗಲಿಕ್ಕಾದರೂ ಒಬ್ಬರಿದ್ದರು. ಈಗ ಮೆಟ್ಟಿಲು ಹತ್ತಲು ಕಾಲೇ ಏಳುತ್ತಿರಲಿಲ್ಲ. ಮಾಮಿ ಜಗಲಿಯಲ್ಲಿ ಹೂ ಕಟ್ಟುತ್ತ ಕೂತಿರುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ.

ಭಾನುವಾರ ಕೊಳತ್ತೂರಿಗೆ ಹೋದೆ. ಬೆಳಕೂ ಇರಬೇಕು, ಮೀನೂ ಉಳಿಯಬೇಕು, ಏನು ಮಾಡಲಿ ಎಂದು ಕೇಳಿದೆ. ಅಂಗಡಿಯವನು ನೀರ ಮೇಲೆ ತೇಲುವ ಗಿಡದ ಒಂದು ಹಿಡಿ ಕೊಟ್ಟ. ನೋಡಿದರೆ ನಮ್ಮೂರ ಕೆರೆಯ ಅಂತರಗಂಗೆ. ಅದನ್ನು ತೊಟ್ಟಿಯ ಅರ್ಧಕ್ಕೆ ಹರಡಿ, ಮಿಕ್ಕರ್ಧಕ್ಕೆ ಹೋಗದಂತೆ ದಾರ ಕಟ್ಟಿದೆ. ಬಯಲಿನ ಭಾಗದಲ್ಲಿ ಗಿಡಗಳಿಗೆ ಬೆಳಕು, ಅಂತರಗಂಗೆಯ ಕೆಳಗೆ ನೆರಳು. ಒಂದು ವಾರ ಕಾದೆ. ಮುಂದಿನ ಭಾನುವಾರ ಸಂಜೆ ಲೈಟು ಉರಿಯುತ್ತಿರುವಾಗಲೇ ಮೀನು ಆ ಬೇರುಗಳಡಿ ಹಿಂದೆ ಮುಂದೆ ತೇಲಿತು.

ಟೈಮರನ್ನು ಕೈಗೆ ತೆಗೆದುಕೊಂಡೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಐದು ಹಲ್ಲು ಒತ್ತಿ ಗೋಡೆಗೆ ಸಿಕ್ಕಿಸಿದೆ. ಆಮೇಲೆ ಕೆಳಗಿಳಿದು ಮಾಮಿಯ ಮುಂದೆ ಕೀಲಿ ಹಿಡಿದೆ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ.

"ದಿನಾ ಸಂಜೆ ಆರಕ್ಕೆ ಲೈಟ್ ಹಾಕ್ತೀರಾ ಮಾಮಿ? ಒಂಬತ್ತಕ್ಕೆ ನಾನೇ ಆರಿಸ್ತೀನಿ. ಗಿಡಕ್ಕೆ ಇನ್ನೂ ಮೂರು ಗಂಟೆ ಬೇಕು."

"ಆ ಮೆಷಿನ್ ಇದೆಯಲ್ಲಪ್ಪ. ತಾನಾಗೇ ಹಾಕತ್ತೆ ಅಂದಿದ್ದಿ."

"ಸಂಜೆ ಹೊತ್ತು ಅದು ಕೆಲಸ ಮಾಡಲ್ಲ."

ಅವರು ನನ್ನ ಮುಖ ನೋಡಿದರು. "ಶರಿ," ಎಂದು ಕೀಲಿ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

ಟೈಮರಿನ ಇಪ್ಪತ್ನಾಲ್ಕು ಹಲ್ಲುಗಳೂ ಸರಿಯಾಗಿಯೇ ಇದ್ದವು. ಆರು, ಏಳು, ಎಂಟನ್ನು ನಾನು ಒತ್ತಿರಲಿಲ್ಲ, ಅಷ್ಟೆ.