ಗುಂಡಜ್ಜಿಯ ಪುಟಕ್ಕೆ ಬೀಗ

ಎಲ್ಲಿಂದ ಶುರು ಮಾಡಲಿ? ನೀರಾನೆ ಸತ್ತ ಬೆಳಿಗ್ಗೆಯಿಂದ ಎಂದರೆ ನೀವು ಈಗಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತೀರಿ. ಎಪಿಐ ಎಂದರೆ ಪುಟ ಮಗುಚುತ್ತೀರಿ. ಇರಲಿ, ಜಗಳದಿಂದಲೇ ಶುರು ಮಾಡೋಣ.

೧. ಮೃಗಾಲಯದ ವೆಬ್‌ಸೈಟಿನಲ್ಲಿ ಪ್ರತಿ ಪ್ರಾಣಿಗೂ ಒಂದು ಪುಟ. ಮುದಿ ನೀರಾನೆ ಗುಂಡಜ್ಜಿಯ ಪುಟವನ್ನು ಇಬ್ಬರು ತಿದ್ದುತ್ತಿದ್ದರು. ಒಬ್ಬರು ಅವಳನ್ನು ಸಾಕುತ್ತಿದ್ದವರು, ಎಲ್ಲರ ಬಾಯಲ್ಲೂ ಮಾಮ. ಇನ್ನೊಬ್ಬರು ಪಶುವೈದ್ಯೆ, ಡಾಕ್ಟ್ರಮ್ಮ. ಮಾಮ ‘ಮೇವು ಮುಟ್ಟುತ್ತಿಲ್ಲ’ ಎಂದು ಬರೆದು ಸೇವ್ ಮಾಡಿದರು. ಡಾಕ್ಟ್ರಮ್ಮ ಅದಕ್ಕೂ ಮೊದಲೇ ಪುಟ ತೆರೆದಿಟ್ಟುಕೊಂಡಿದ್ದರು. ಆ ಹಳೇ ಪ್ರತಿಯನ್ನೇ ತಿದ್ದಿ ಸೇವ್ ಮಾಡಿದ್ದೇ ತಡ, ಮಾಮನ ಸಾಲು ಹೇಳಹೆಸರಿಲ್ಲದಂತೆ ಹೋಯಿತು.

“ನಾನು ಬರೆದಿದ್ದನ್ನ ಒರೆಸಿಬಿಟ್ರಲ್ಲ!”

“ನಾನೆಲ್ಲಿ ಒರೆಸಿದೆ? ನನ್ನ ಕಣ್ಣಿಗೆ ಬೀಳಲೇ ಇಲ್ಲ.”

ಪುಟಗಳನ್ನು ತೆರೆದು ಉಳಿಸುವ ತಂತ್ರಾಂಶದ ಭಾಗಕ್ಕೆ, ಅದೇ ಎಪಿಐಗೆ, ವೆಬ್‌ಸೈಟ್ ನೋಡಿಕೊಳ್ಳುವ ಪ್ರೋಗ್ರಾಮರ್ ಹುಡುಗಿ ಬೀಗ ಹಾಕಿದಳು. ಒಬ್ಬರು ತಿದ್ದಲು ತೆರೆದರೆ ಬೀಗ ಅವರ ಹೆಸರಿಗೆ. ಅವರು ಸೇವ್ ಮಾಡುವ ತನಕ ಉಳಿದವರು ಓದಬಹುದು, ಮುಟ್ಟುವಂತಿಲ್ಲ. (ಮೊದಲ ಕರಡಿನಲ್ಲಿ ಈ ವಿವರಣೆ ಎರಡು ಪುಟ ಇತ್ತು. ಹರಿದು ಹಾಕಿದೆ. ನೀವು ಬಚಾವಾದಿರಿ.)

೨. ಕೆಲವು ವಾರ ಕಳೆದು ಗುಂಡಜ್ಜಿ ತೀರಿಕೊಂಡಳು. ಪುಟದಲ್ಲಿ ಮಾತ್ರ ಇನ್ನೂ ಕಲ್ಲಂಗಡಿ ತಿನ್ನುತ್ತಿದ್ದಳು. ಡಾಕ್ಟ್ರಮ್ಮ ಹುಡುಗಿಗೆ ಫೋನ್ ಮಾಡಿದರು: “ಬೀಗ ಮಾಮನ ಹೆಸರಲ್ಲಿದೆ. ಬಿಡ್ತಾನೇ ಇಲ್ಲ ಅವರು. ನೀನೇ ಒಡೆದುಬಿಡು.”

ಒಡೆಯುವುದು ಒಂದೇ ಸಾಲಿನ ಕೆಲಸ. ಹಾಗೇ ಒಂದು ಅಂತ್ಯವನ್ನೂ ಬರೆದಿದ್ದೆ: ಅವಳು ಕೂತಲ್ಲಿಂದಲೇ ಒಡೆಯುತ್ತಾಳೆ, ಕಥೆ ಮುಗಿಯುತ್ತದೆ. ಅವಳು ಒಪ್ಪಲಿಲ್ಲ. “ಮೊದಲು ಹೋಗಿ ಮಾತಾಡಿಸ್ತೀನಿ” ಎಂದು ನನ್ನ ಪ್ಯಾರಾದಿಂದಲೇ ಎದ್ದು ನಡೆದಳು.

ಮೇವಿನ ಕೋಣೆಯಲ್ಲಿ ಮಾಮ ಗಮ್‌ಬೂಟು ಕೂಡ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತಿದ್ದರು.

“ಮಾಮ, ಡಾಕ್ಟ್ರಮ್ಮ ಕಾಯ್ತಿದಾರೆ.”

“ನಾನಿನ್ನೂ ತಿದ್ತಾ ಇದೀನಲ್ಲಮ್ಮ.”

ಪರದೆಯ ಮೇಲೆ ಒಂದಕ್ಷರವೂ ಬದಲಾಗಿರಲಿಲ್ಲ. ಅವಳು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ನಾಳೆ ಶಾಲೆ ಮಕ್ಕಳು ಬರ್ತಾರೆ ಮಾಮ. ಅವಳನ್ನ ಹುಡುಕ್ತಾರೆ.”

ಮಾಮ ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡು ಎರಡು ಬೆರಳಲ್ಲಿ ಕುಟ್ಟಿದರು: ‘ಗುಂಡಜ್ಜಿ ಇವತ್ತು ಕರೆದರೆ ಏಳಲಿಲ್ಲ.’ ಸೇವ್ ಒತ್ತಿ, ಮೂಗು ಒರೆಸಿಕೊಂಡು, ತೊಟ್ಟಿ ತೊಳೆಯಲು ಹೋದರು. ಡಾಕ್ಟ್ರಮ್ಮ ಆ ಸಾಲನ್ನು ಮುಟ್ಟಲಿಲ್ಲ. ಅದರ ಕೆಳಗೆ ತಾರೀಖು, ಕಾಯಿಲೆ ಬರೆದರು.

(ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಚೇರಿಯವರು ಬಿಡಬೇಕಲ್ಲ.)

೩. ಇನ್ನು ಮುಂದೆ ಬೀಗ ತಾನಾಗಿಯೇ ಬಿಟ್ಟುಕೊಳ್ಳಬೇಕು ಎಂದರು ಮ್ಯಾನೇಜರ್. ಎಷ್ಟು ಹೊತ್ತಾದ ಮೇಲೆ? “ಹತ್ತು ನಿಮಿಷ ಧಾರಾಳ ಆಯ್ತು” ಎಂದರು ಡಾಕ್ಟ್ರಮ್ಮ. ಮಾಮ, “ನನ್ನನ್ನ ಕೇಳ್ಬೇಡಮ್ಮ” ಎಂದರು.

ಹುಡುಗಿ ಕೋಡ್ ತೆರೆದು ಕೂತಿದ್ದಾಳೆ. ಒಂದು ಸಂಖ್ಯೆ ಬರೆಯಬೇಕು, ಅಷ್ಟೇ. ನನ್ನ ಕಡೆ ತಿರುಗಿ, “ನೀವೇ ಹೇಳಿ ಸಾರ್, ಎಷ್ಟು ಹಾಕ್ಲಿ?” ಎನ್ನುತ್ತಾಳೆ. ಮೂರು ಅಂತ್ಯ ಯೋಚಿಸಿಟ್ಟಿದ್ದೆ. ಮೂರನ್ನೂ ಹೊಡೆದುಹಾಕಿದೆ.

“ಸದ್ಯಕ್ಕೆ ಖಾಲಿ ಬಿಡಮ್ಮ” ಎಂದೆ.

“ಖಾಲಿ ಬಿಟ್ರೆ ಇದು ಓಡಲ್ಲ ಸಾರ್.”